ಮಗುವಿನ ಹೆಜ್ಜೆಯ ಲೆಕ್ಕ

ಮಗು ಎಲ್ಲಿದೆ ಎಂದು ತೋರಿಸುವ ಜಿಪಿಎಸ್ ಸಾಧನ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸಮಯದ ಸಂಕೇತಗಳನ್ನು ಬಿತ್ತರಿಸುತ್ತಲೇ ಇರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಸಾಧನ ತಾನಿರುವ ಜಾಗವನ್ನು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಉಪಗ್ರಹಕ್ಕೆ ಆ ಮಗುವಿನ ಸುದ್ದಿಯೇ ಗೊತ್ತಿಲ್ಲ. ಲೆಕ್ಕಕ್ಕೆ ಸಿಕ್ಕಿದ ಜಾಗವನ್ನು ಸಿಮ್ ಕಾರ್ಡಿನ ಮೂಲಕ ಕಂಪನಿಯ ಸರ್ವರಿಗೂ ಅಲ್ಲಿಂದ ಪೋಷಕರ ಮೊಬೈಲಿಗೂ ತಲುಪಿಸುವುದು ಎರಡನೆಯ ಕೆಲಸ. ನೀತಿಯ ಪ್ರಶ್ನೆಗಳೆಲ್ಲ ಹುಟ್ಟುವುದು ಇಲ್ಲಿ: ತಿಳಿದದ್ದನ್ನು ಯಾರಿಗೆ ಹೇಳಬೇಕು, ಎಷ್ಟು ದಿನ ಇಟ್ಟುಕೊಳ್ಳಬೇಕು? ಅಂಗಡಿಯಲ್ಲಿ ಮಾತ್ರ ಮಾತೆಲ್ಲ ಎಷ್ಟು ಮೀಟರ್ ನಿಖರ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬುದರ ಸುತ್ತಲೇ ನಡೆಯುತ್ತದೆ.

ಸಾಧನದ ಉಪಯೋಗವನ್ನು ಅಲ್ಲಗಳೆಯುವಂತಿಲ್ಲ. ಜಾತ್ರೆಯ ಜನಜಂಗುಳಿಯಲ್ಲಿ ಕೈತಪ್ಪಿದ ಮಗು, ಹೇಳದೆ ಮನೆಯಿಂದ ಹೊರಟುಬಿಡುವ ಆಟಿಸಂ ಇರುವ ಮಗು, ತಡವಾದ ಶಾಲಾ ವ್ಯಾನು, ಇಂಥ ಕಡೆ ಅದು ನಿಜಕ್ಕೂ ನೆರವಿಗೆ ಬರುತ್ತದೆ. ಆದರೆ ಅದು ಹೇಳುವುದು ಜಾಗವನ್ನು, ಮಗುವಿನ ಸ್ಥಿತಿಯನ್ನಲ್ಲ. ಪೋಕ್ಸೊ ಕಾಯ್ದೆಯಡಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಮಗುವಿಗೆ ಪರಿಚಿತನೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಅಂಕಿಅಂಶಗಳು ತೋರಿಸುತ್ತವೆ. ನೆಂಟರ ಮನೆಯಲ್ಲೋ ಟ್ಯೂಷನ್ನಿನ ಕೋಣೆಯಲ್ಲೋ ಮಗು ಇದ್ದರೆ ನಕ್ಷೆಯ ಮೇಲಿನ ಚುಕ್ಕೆ ಇರಬೇಕಾದ ಜಾಗದಲ್ಲೇ ಇರುತ್ತದೆ. ಹೆತ್ತವರು ಅದನ್ನು ನೋಡಿ ನಿಶ್ಚಿಂತರಾಗುತ್ತಾರೆ. ಈ ನಿಶ್ಚಿಂತೆಯೇ ಕೆಲವೊಮ್ಮೆ ಸಾಧನದ ಅತಿ ದೊಡ್ಡ ದೋಷ.

ಇಷ್ಟಕ್ಕೂ ಸದಾ ಒಂದು ಕಣ್ಣು ತನ್ನ ಮೇಲಿದೆ ಎಂಬ ಅರಿವು ಮಗುವನ್ನು ಒಳ್ಳೆಯದಾಗಿಸುತ್ತದೆಯೆ? 18ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಮ್ ನಡುವೆ ಕಾವಲುಗೋಪುರವಿದ್ದು ಸುತ್ತ ಕೋಣೆಗಳಿರುವ ಸೆರೆಮನೆಯೊಂದನ್ನು ಕಲ್ಪಿಸಿದ. ಕೈದಿಗಳಿಗೆ ಕಾವಲುಗಾರ ಕಾಣುವುದಿಲ್ಲ. ಅವನು ನೋಡುತ್ತಿರಬಹುದೆಂಬ ಶಂಕೆಯೊಂದೇ ಅವರನ್ನು ಹದ್ದುಬಸ್ತಿನಲ್ಲಿಡಲು ಸಾಕು ಎಂಬುದು ಅವನ ಲೆಕ್ಕಾಚಾರ. ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ್ದು ಕನಕನ ಬಾಳೆಹಣ್ಣಿನ ಕತೆ. ಯಾರೂ ಕಾಣದ ಕಡೆ ತಿಂದು ಬನ್ನಿ ಎಂದು ವ್ಯಾಸರಾಯರು ಶಿಷ್ಯರಿಗೆ ಹಣ್ಣು ಕೊಟ್ಟಾಗ, ದೇವರಿಲ್ಲದ ಜಾಗವೇ ಸಿಗಲಿಲ್ಲವೆಂದು ಕನಕ ಹಣ್ಣನ್ನು ಹಾಗೆಯೇ ಮರಳಿ ತಂದ. ಎರಡರಲ್ಲೂ ತಪ್ಪಿಸಿಕೊಳ್ಳಲಾಗದ ನೋಟವಿದೆ, ಆದ್ದರಿಂದ ಎರಡೂ ಒಂದೇ ಎನಿಸಬಹುದು. ಅವುಗಳ ವ್ಯತ್ಯಾಸ ಗುರುವಿನ ನಡೆಯಲ್ಲಿದೆ. ವ್ಯಾಸರಾಯರು ಶಿಷ್ಯರ ಹಿಂದೆ ಹೋಗಲಿಲ್ಲ, ಯಾರನ್ನೂ ಕಳಿಸಲೂ ಇಲ್ಲ. ಪ್ರತಿ ಶಿಷ್ಯನೂ ಎಲ್ಲಿ ನಿಂತು ಹಣ್ಣು ತಿಂದನೆಂಬುದು ಅವರಿಗೆ ಮೊದಲೇ ತಿಳಿಯುವಂತಿದ್ದರೆ ಆ ಪರೀಕ್ಷೆಯನ್ನು ಒಡ್ಡುವ ಹಾಗೇ ಇರಲಿಲ್ಲ, ಕನಕನ ಉತ್ತರಕ್ಕೆ ಬೆಲೆಯೂ ಇರುತ್ತಿರಲಿಲ್ಲ. ಒಳಗಿನ ಸಾಕ್ಷಿ ಎಚ್ಚರಗೊಳ್ಳಲು ಹೊರಗಿನ ಕಣ್ಣು ಸ್ವಲ್ಪ ಹೊತ್ತಾದರೂ ಮುಚ್ಚಿರಬೇಕಾಗುತ್ತದೆ.

ಬೌದ್ಧ ಪರಂಪರೆಯಲ್ಲಿ ಇದೇ ಮಾತು ನೇರವಾಗಿ ಮಗುವೊಂದರ ಸಂದರ್ಭದಲ್ಲೇ ಬಂದಿದೆ. ಮಜ್ಝಿಮ ನಿಕಾಯದ ಅಂಬಲಟ್ಠಿಕ ರಾಹುಲೋವಾದ ಸುತ್ತದಲ್ಲಿ ಬುದ್ಧ ಮಗ ರಾಹುಲನಿಗೆ ಸುಳ್ಳಿನ ಬಗ್ಗೆ ಬೋಧಿಸುತ್ತಾನೆ. ಆಗ ರಾಹುಲನಿಗೆ ಏಳು ವರ್ಷ ಎನ್ನುತ್ತದೆ ಸುತ್ತದ ವ್ಯಾಖ್ಯಾನವಾದ ಅಟ್ಠಕಥೆ. ಕನ್ನಡಿ ಇರುವುದು ಯಾತಕ್ಕೆ ಎಂದು ಕೇಳಿ, ಮಾಡುವ ಮುಂಚೆ, ಮಾಡುವಾಗ, ಮಾಡಿದ ಮೇಲೆ ತನ್ನ ಕೆಲಸವನ್ನು ತಾನೇ ನೋಡಿಕೊಳ್ಳಬೇಕೆಂದು ತಂದೆ ಹೇಳುತ್ತಾನೆ. ತಪ್ಪಾದರೆ ಗುರುವಿಗೋ ಜೊತೆಯವರಿಗೋ ತಾನಾಗಿ ತಿಳಿಸಬೇಕೆಂಬ ಮಾತೂ ಅಲ್ಲಿದೆ. ಮಗನ ಮೇಲೆ ನಿಗಾ ಇಡಲು ಅಲ್ಲಿ ಯಾರನ್ನೂ ನೇಮಿಸಿಲ್ಲ. ಅಶೋಕ ತನ್ನ ಬೈರಾಟ್ ಶಾಸನದಲ್ಲಿ ಎಲ್ಲರೂ ಕೇಳಬೇಕಾದ ಬೋಧನೆಗಳ ನಡುವೆ ರಾಹುಲನಿಗೆ ಸುಳ್ಳಿನ ಕುರಿತು ಹೇಳಿದ ಉಪದೇಶವನ್ನೂ ಹೆಸರಿಸಿದ್ದಾನೆ.

ನೋಡುವುದಕ್ಕಿಂತ ಕಠಿಣವಾದ ಪ್ರಶ್ನೆ, ನೋಡಿದ್ದನ್ನು ನೆನಪಿಡುವುದರದ್ದು. ಮಕ್ಕಳ ಗಡಿಯಾರ, ಟ್ಯಾಗುಗಳಲ್ಲಿ ಹಲವು ಈಗಿನ ಜಾಗವನ್ನು ತೋರಿಸುವುದಲ್ಲದೆ ಹೋದ ದಾರಿಯನ್ನೂ ದಿನ, ವಾರಗಟ್ಟಲೆ ಕಾದಿಡುತ್ತವೆ. ಮಹಾಭಾರತದ ಆದಿಪರ್ವದ ಮಾಂಡವ್ಯ ಋಷಿಯ ಕತೆಗೆ ಇಲ್ಲಿ ಹೊಸ ಅರ್ಥ ಬರುತ್ತದೆ. ಮೌನವ್ರತದಲ್ಲಿದ್ದ ಅವನ ಆಶ್ರಮದಲ್ಲಿ ಕಳ್ಳರು ಕದ್ದ ಮಾಲನ್ನು ಬಚ್ಚಿಟ್ಟರು. ರಾಜಭಟರು ಋಷಿಯನ್ನೂ ಹಿಡಿದು ಶೂಲಕ್ಕೇರಿಸಿದರು. ಸಾಯದೆ ಉಳಿದ ಅವನು ಧರ್ಮದೇವತೆಯ ಬಳಿ ಹೋಗಿ, ಯಾವ ಪಾಪಕ್ಕೆ ಈ ಶಿಕ್ಷೆ ಎಂದು ಕೇಳಿದ. ನೀನು ಚಿಕ್ಕವನಾಗಿದ್ದಾಗ ಹುಳುಗಳಿಗೆ ಹುಲ್ಲುಕಡ್ಡಿ ಚುಚ್ಚಿದ್ದೆ, ಅದರ ಫಲವಿದು ಎಂಬ ಉತ್ತರ ಬಂತು. ಧರ್ಮದ ಲೆಕ್ಕ ತಪ್ಪಿರಲಿಲ್ಲ, ಆ ಘಟನೆ ನಡೆದದ್ದೇ. ಆದರೂ ಮಾಂಡವ್ಯ ಒಪ್ಪಲಿಲ್ಲ. ಭೂಮಿಯಲ್ಲಿ ಹುಟ್ಟೆಂದು ಧರ್ಮದೇವತೆಗೇ ಶಾಪ ಕೊಟ್ಟ, ವಿದುರ ಹುಟ್ಟಿದ್ದು ಹಾಗೆ. ಜೊತೆಗೆ ಲೋಕಕ್ಕೊಂದು ಕಟ್ಟಳೆಯನ್ನೂ ಹಾಕಿದ: 14 ವರ್ಷದವರೆಗೆ ಮಾಡಿದ್ದು ಪಾತಕವಾಗದು. ಬಾಲ್ಯದ ಲೆಕ್ಕ ಸರಿಯಾಗಿದ್ದರೂ ಅದನ್ನು ಮುಂದಕ್ಕೆ ಒಯ್ಯಬಾರದು ಎಂಬ ವಾದವನ್ನು ಇದಕ್ಕಿಂತ ಖಾರವಾಗಿ ಮಂಡಿಸಿದ ಕತೆ ಸಿಗುವುದು ಕಷ್ಟ.

ಇಸ್ಲಾಮಿನಲ್ಲಿ ಪ್ರತಿಯೊಬ್ಬರ ಕರ್ಮವನ್ನು ಬರೆದಿಡುವ ದೇವದೂತರಿದ್ದಾರೆ. ಹಾಗಿದ್ದೂ ಮಗು ಪ್ರಾಯಕ್ಕೆ ಬರುವವರೆಗೆ ಲೇಖನಿ ಅದರ ಮೇಲಿನಿಂದ ಎತ್ತಲ್ಪಟ್ಟಿರುತ್ತದೆ ಎಂಬ ಹದೀಸ್ ಪ್ರಸಿದ್ಧ. ಭಾರತದ ಬಾಲನ್ಯಾಯ ಕಾಯ್ದೆ (2015) ಕೂಡ, ಕೆಲವು ಘೋರ ಅಪರಾಧಗಳ ಸಂದರ್ಭ ಬಿಟ್ಟರೆ, ಮಗು ತಪ್ಪಿತಸ್ಥ ಎಂದಾದ ದಾಖಲೆಯನ್ನು ಮೇಲ್ಮನವಿಯ ಅವಧಿ ಮುಗಿದ ಮೇಲೆ ನಾಶ ಮಾಡಬೇಕೆನ್ನುತ್ತದೆ. 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ ಘೋಷಿಸಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ. ಆ ತೀರ್ಪಿನಲ್ಲಿ ಪ್ರತ್ಯೇಕ ಅಭಿಪ್ರಾಯ ಬರೆದ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್, ಎಳೆತನದ ತಪ್ಪುಗಳ ಡಿಜಿಟಲ್ ಗುರುತು ಮಕ್ಕಳನ್ನು ಬದುಕಿಡೀ ಹಿಂಬಾಲಿಸಬಾರದು ಎಂಬ ಆಶಯ ವ್ಯಕ್ತಪಡಿಸಿದ್ದಾರೆ. ಆದಿಪರ್ವವನ್ನು ಅವರು ನೆನೆದಿರಬೇಕಿಲ್ಲ, ಆದರೂ ಮಾತು ಮಾಂಡವ್ಯನದೇ.

ಹೀಗಾಗಿ ಸಾಧನವನ್ನು ಆರಿಸುವಾಗ ನಿಖರತೆಗಿಂತ ಮೊದಲು ನೋಡಬೇಕಾದದ್ದು ಅದರ ಮರೆಯುವ ಶಕ್ತಿ. ಹಳೆಯ ದಾರಿಯ ದಾಖಲೆಯನ್ನು ನಿಲ್ಲಿಸಬಹುದೆ, ಅಳಿಸಿದ್ದು ಕಂಪನಿಯ ಸರ್ವರಿನಿಂದಲೂ ಅಳಿಯುತ್ತದೆಯೆ ಎಂದು ಕೇಳಿಯೇ ಕೊಳ್ಳಬೇಕು. 2017ರ ಅಕ್ಟೋಬರಿನಲ್ಲಿ ನಾರ್ವೆಯ ಗ್ರಾಹಕ ಮಂಡಳಿ ಮಕ್ಕಳ ಗಡಿಯಾರಗಳನ್ನು ಪರೀಕ್ಷೆ ಮಾಡಿಸಿದಾಗ, ಕೆಲವುಗಳಲ್ಲಿ ಅಪರಿಚಿತರೂ ಒಳನುಗ್ಗಿ ಮಗು ಎಲ್ಲಿದೆಯೆಂದು ನೋಡಬಹುದಾಗಿತ್ತು. ಮರುತಿಂಗಳೇ ಜರ್ಮನಿ, ದೂರದಿಂದ ಕದ್ದು ಆಲಿಸುವ ಸೌಲಭ್ಯವಿದ್ದ ಗಡಿಯಾರಗಳನ್ನು ನಿಷೇಧಿಸಿತು. ತರಗತಿಯಲ್ಲಿ ಶಿಕ್ಷಕರಾಡುವ ಮಾತನ್ನು ಹೆತ್ತವರು ಮನೆಯಲ್ಲಿ ಕುಳಿತು ಕೇಳುತ್ತಿದ್ದರು ಎಂಬುದು ಅಲ್ಲಿನ ದೂರು. ಅಂಥ ಗಡಿಯಾರವಿದ್ದವರು ಅದನ್ನು ನಾಶಮಾಡಬೇಕೆಂದೂ ಅಧಿಕಾರಿಗಳು ಹೇಳಿದರು. ಆಲಿಸುವ ಸೌಲಭ್ಯಕ್ಕೆ ಸಮರ್ಥನೆ ಕಾಣುವುದಿಲ್ಲ. ಮಗುವೇ ಒತ್ತಬಲ್ಲ ತುರ್ತು ಗುಂಡಿಯದು ಬೇರೆ ಜಾತಿ. ಅಲ್ಲಿ ಕರೆಯುವುದು ಮಗು, ಓಗೊಡುವುದು ಹಿರಿಯರು.

ಇನ್ನೊಂದು ದಾರಿ, ಮಗುವನ್ನು ಬಿಟ್ಟು ಮಗುವನ್ನು ಒಯ್ಯುವವರ ಮೇಲೆ ಕಣ್ಣಿಡುವುದು. ಶಾಲಾ ಬಸ್ಸಿನ ಜಿಪಿಎಸ್ ಈ ಬಗೆಯದು. ವೇಗ, ದಾರಿ, ತಡ ಎಲ್ಲಕ್ಕೂ ಉತ್ತರ ಕೊಡಬೇಕಾದವರು ಚಾಲಕರು ಮತ್ತು ಶಾಲೆ. ಹೊಣೆ ಹೊತ್ತ ವಯಸ್ಕರನ್ನು ಅವರ ಕೆಲಸದ ಹೊತ್ತಿನಲ್ಲಿ ಲೆಕ್ಕ ಕೇಳುವುದರಲ್ಲಿ ನೀತಿಯ ತೊಡಕು ಹೆಚ್ಚಿಲ್ಲ. ಕರ್ನಾಟಕದಿಂದಲೂ ಅಪಾರ ಜನ ಹೋಗುವ ಶಬರಿಮಲೆಯಲ್ಲಿ ಕ್ರಮ ಇನ್ನೂ ಸರಳ. ಪಂಪೆಯಲ್ಲಿ ಪೊಲೀಸರು ಪುಟ್ಟ ಸ್ವಾಮಿಗಳ ಮುಂಗೈಗೆ ಗುರುತಿನ ಪಟ್ಟಿ ಕಟ್ಟುತ್ತಾರೆ. ಮನೆಯವರ ಫೋನ್ ನಂಬರ್ ಬರೆದ ಮಾಮೂಲಿ ಪಟ್ಟಿ ಯಾರನ್ನೂ ಹಿಂಬಾಲಿಸುವುದಿಲ್ಲ. ಮಗು ತಪ್ಪಿಸಿಕೊಂಡಾಗ ಮಾತ್ರ ಅದು ಕೆಲಸಕ್ಕೆ ಬರುತ್ತದೆ, ಅದೂ ಸಿಕ್ಕಿದವರು ಓದಿ ಫೋನ್ ಮಾಡುತ್ತಾರೆ ಎಂಬ ನಂಬಿಕೆಯ ಮೇಲೆ. ಜಿಪಿಎಸ್ ಸಾಧನಕ್ಕೆ ಅಪರಿಚಿತರ ಒಳ್ಳೆಯತನ ಬೇಕಿಲ್ಲ. ಅದು ಅದರ ಬಲ. ಮಗುವಿಗೆ ಲೋಕವನ್ನು ಪರಿಚಯಿಸುವ ಬಗೆಯಾಗಿ ನೋಡಿದರೆ ಅದೇ ಕೊರತೆ.

ಒಪ್ಪಿಗೆಯ ಮಾತು ಉಳಿಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೆ 18 ತುಂಬದವರ ಮಾಹಿತಿಯನ್ನು ಬಳಸಲು ಕಂಪನಿಗಳು ಪೋಷಕರ ಒಪ್ಪಿಗೆ ಪಡೆಯಬೇಕು. ಮಗುವಿನ ಒಪ್ಪಿಗೆಯನ್ನು ಕಾನೂನು ಕೇಳುವುದಿಲ್ಲ, ಐದರ ಮಗುವಿಗೂ ಹದಿನೇಳರ ಹುಡುಗಿಗೂ ಒಂದೇ ನಿಯಮ. ಭಾರತ 1992ರಲ್ಲಿ ಸೇರಿದ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಹಾಗಲ್ಲ, ಮಗುವಿನ ಸಾಮರ್ಥ್ಯ ಬೆಳೆದಂತೆ ಹೆತ್ತವರ ಮಾರ್ಗದರ್ಶನವೂ ಬದಲಾಗಬೇಕೆಂಬ ತತ್ವ ಅದರ ಐದನೆಯ ವಿಧಿಯಲ್ಲಿದೆ. ಇದನ್ನು ಒಪ್ಪುವ ಮನೆಯಲ್ಲಿ ಸಾಧನವನ್ನು ಗುಟ್ಟಾಗಿ ಬ್ಯಾಗಿನ ತಳದಲ್ಲಿಡುವ ಪ್ರಶ್ನೆ ಏಳುವುದಿಲ್ಲ. ಏಳೆಂಟು ವರ್ಷದ ಮಗುವಿಗೆ ಅದು ಏನು, ಯಾಕೆ, ಯಾರು ನೋಡುತ್ತಾರೆ ಎಂದು ಬಿಡಿಸಿ ಹೇಳಬಹುದು. ಹದಿಮೂರು ಹದಿನಾಲ್ಕರ ಹೊತ್ತಿಗೆ ಶಾಲೆಯ ದಾರಿಯಲ್ಲಿ ಅದನ್ನು ಬಿಟ್ಟು ದೂರದ ಪ್ರಯಾಣಕ್ಕೆ ಮಾತ್ರ ಇಟ್ಟುಕೊಳ್ಳಬಹುದು. ಆಮೇಲೂ ಬೇಕೆನಿಸಿದರೆ ಮೊಬೈಲಿನಲ್ಲಿ ಮನೆಮಂದಿಯೆಲ್ಲ ತಂತಮ್ಮ ಜಾಗವನ್ನು ಪರಸ್ಪರ ಹಂಚಿಕೊಳ್ಳುವ ಏರ್ಪಾಡಿದೆ. ಅಲ್ಲಿ ಅಪ್ಪ ಆಫೀಸು ಬಿಟ್ಟು ಎಲ್ಲಿದ್ದಾನೆಂದು ಮಗಳೂ ನೋಡಬಹುದು.