ಧೂಳು ಹೋದ ಜಾಗ

ಠಾಣೆಯ ವಾಗ್ಳೆ ಎಸ್ಟೇಟಿನ ಒಳರಸ್ತೆಗಳಲ್ಲಿ ನಡೆದು ಹೋದರೆ ಕೆಲವು ಶೆಡ್ಡುಗಳ ಬೆನ್ನಿಗೆ ತಗಡಿನ ಎತ್ತರದ ಪೆಟ್ಟಿಗೆಯೊಂದು ನಿಂತಿರುವುದು ಕಾಣುತ್ತದೆ. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ (ಎಂಐಡಿಸಿ) ತನ್ನ ಕೆಲಸ ಶುರುಮಾಡಿದ್ದು ಇಲ್ಲಿಂದಲೇ. ಈಗ ಗಾಜಿನ ಕಚೇರಿಗಳು ಎಷ್ಟೇ ಎದ್ದಿರಲಿ, ಇಲ್ಲಿಯವರು ಗಾಳಾ ಎನ್ನುವ ಸಣ್ಣ ಘಟಕಗಳು ಉಳಿದುಕೊಂಡಿವೆ. ಮರ ಉಜ್ಜುವಲ್ಲಿ, ಲೋಹ ಪಾಲಿಶ್ ಮಾಡುವಲ್ಲಿ ಏಳುವ ಧೂಳನ್ನು ಫ್ಯಾನು ಪೈಪಿನೊಳಗೆ ಎಳೆಯುತ್ತದೆ. ಪೆಟ್ಟಿಗೆಯೊಳಗೆ ತೂಗುವ ಬಟ್ಟೆಚೀಲಗಳು ಅದನ್ನು ತಡೆದಿಡುತ್ತವೆ. ಕೆಲಸಗಾರರ ಶ್ವಾಸಕೋಶ ಸೇರಬೇಕಾದದ್ದು ಚೀಲ ಸೇರಿತು. ಒಳ್ಳೆಯದೇ.

ಆದರೆ ನಾವು ಮನೆ ಗುಡಿಸಿ ಕಸವನ್ನು ಬಾಗಿಲ ಸಂದಿಗೆ ತಳ್ಳಿದಂತೆ, ಧೂಳು ಜಾಗ ಬದಲಿಸಿತೇ ಹೊರತು ಇಲ್ಲವಾಗಲಿಲ್ಲ. ಮೈದಾ ಹಿಟ್ಟಿನ ಗುಡ್ಡೆಗೆ ಕಡ್ಡಿ ಗೀರಿದರೆ ಅದು ಸುಲಭವಾಗಿ ಹೊತ್ತಿಕೊಳ್ಳದು. ಅದೇ ಹಿಟ್ಟು ಮುಚ್ಚಿದ ಜಾಗದಲ್ಲಿ ಗಾಳಿಗೆ ಹರಡಿದ್ದರೆ ಸಿಡಿಯಲು ಒಂದು ದೀಪ ಸಾಕು. 1785ರಲ್ಲಿ ಇಟಲಿಯ ಟ್ಯೂರಿನ್ ನಗರದ ಹಿಟ್ಟಿನ ಉಗ್ರಾಣದಲ್ಲಿ ಹಾಗೆಯೇ ಆಯಿತು. 2014ರ ಆಗಸ್ಟಿನಲ್ಲಿ ಚೀನಾದ ಕುನ್‌ಶಾನ್‌ನಲ್ಲಿ ಕಾರಿನ ಚಕ್ರ ಪಾಲಿಶ್ ಮಾಡುವ ಕಾರ್ಖಾನೆ ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿಯೂ ಧೂಳು ಹೀರುವ ಯಂತ್ರ ಇತ್ತು. ಅದನ್ನು ಸಕಾಲಕ್ಕೆ ಬರಿದು ಮಾಡುವವರಿರಲಿಲ್ಲ. ತುಕ್ಕು ಹಿಡಿದ ಡಬ್ಬದಲ್ಲಿ ತೇವ ತಗುಲಿದ ಅಲ್ಯೂಮಿನಿಯಂ ಪುಡಿ ತಾನಾಗಿಯೇ ಕಾದಿತ್ತು.

ಇದಕ್ಕೆ ಉಪಾಯಗಳಿಲ್ಲವೆಂದಲ್ಲ. ಮರದ ಧೂಳಾದರೆ, ಪೈಪಿನಲ್ಲಿ ಹಾದುಹೋಗುವ ಕಿಡಿಯನ್ನು ಯಂತ್ರದ ಕಣ್ಣೊಂದು ಕ್ಷಣಾರ್ಧದಲ್ಲಿ ಗುರುತಿಸಿ, ಮುಂದೆಯೇ ನೀರು ಸಿಂಪಡಿಸಿ ಆರಿಸುತ್ತದೆ. (ಅಲ್ಯೂಮಿನಿಯಮ್ಮಿಗೆ ನೀರು ಸಲ್ಲ; ಅದರ ಏರ್ಪಾಡೇ ಬೇರೆ.) ಬೆಂಕಿ ಪೈಪಿನಲ್ಲಿ ಹಿಂದಿರುಗಿ ಕೆಲಸದವರ ಮೇಲೆ ಬಾರದಂತೆ ತಟಕ್ಕನೆ ಮುಚ್ಚುವ ಕವಾಟವಿದೆ. ಪೆಟ್ಟಿಗೆಯ ಬದಿಗೆ ತೆಳುವಾದ ಫಲಕವೊಂದಿರುತ್ತದೆ: ಒತ್ತಡ ಏರಿದರೆ ಮೊದಲು ತಾನು ಹರಿದು, ಜ್ವಾಲೆಗೆ ಹೊರಗೆ ದಾರಿ ಬಿಟ್ಟು, ಪೆಟ್ಟಿಗೆ ಒಡೆಯದಂತೆ ಕಾಯುತ್ತದೆ. ನಮ್ಮ 1948ರ ಕಾರ್ಖಾನೆ ಕಾಯ್ದೆಯ 37ನೇ ಸೆಕ್ಷನ್ನೂ ಸಿಡಿಯಬಲ್ಲ ಧೂಳಿನ ಬಗ್ಗೆ ಇಂಥ ಎಚ್ಚರಗಳನ್ನು ಬರೆದಿತ್ತು. ಬರೆದವರು ದೂರದೃಷ್ಟಿಯವರೇ. ಆದರೆ ಜಾಗ ಕಿರಿದಾದ ಎಸ್ಟೇಟಿನಲ್ಲಿ ಆ ಫಲಕದ ಎದುರಿಗೇ ನೆರಳಿದೆಯೆಂದು ಯಾರೋ ಸ್ಕೂಟರ್ ನಿಲ್ಲಿಸಿದರೆ, ಇನ್ಯಾರೋ ಅಲ್ಲೇ ಡಬ್ಬಿ ಬಿಚ್ಚಿ ಉಣ್ಣಲು ಕೂತರೆ, ಕಾಯ್ದೆಯ ಪುಸ್ತಕ ಬಂದು ಅವರನ್ನು ಎಬ್ಬಿಸುವುದಿಲ್ಲ. ಎಬ್ಬಿಸಬೇಕಾದವರು ಪಕ್ಕದವರೇ.

ಇಂಥ ಸಾಧನಗಳ ಕಷ್ಟವೆಂದರೆ, ಅವು ಚೆನ್ನಾಗಿ ದುಡಿದ ದಿನ ತೋರಿಸಲು ಏನೂ ಇರುವುದಿಲ್ಲ. ಫಲ ಕಾಣದ ಖರ್ಚು ಎಂದರೆ ನಮಗೆಲ್ಲ ಕೈ ಬಿಗಿ. ಅಡುಗೆಮನೆಯ ಗ್ಯಾಸಿನ ಪೈಪು ಬದಲಿಸಲು ನಾವೆಷ್ಟು ಮುಂದೂಡುತ್ತೇವೆ ನೋಡಿ. ಕಾರ್ಖಾನೆಯ ಧೂಳು ಎಳೆಯುವ ಪೈಪಿನ ಜೋಡಣೆಗಳ ನಡುವೆಯೂ ತಾಮ್ರದ ಪುಟ್ಟ ಪಟ್ಟಿಯೊಂದಿರುತ್ತದೆ, ಧೂಳು ಉಜ್ಜಿ ಹುಟ್ಟುವ ವಿದ್ಯುತ್ತನ್ನು ಭೂಮಿಗೆ ಇಳಿಸಲು. ರಿಪೇರಿಗೆ ಬಿಚ್ಚಿದ ಫಿಟ್ಟರು ಅವಸರದಲ್ಲಿ ಅದನ್ನು ಮತ್ತೆ ಬಿಗಿಯದೆ ಹೋದರೆ ಅಂದು ಏನೂ ಆಗಲಿಕ್ಕಿಲ್ಲ, ಮರುದಿನವೂ ಆಗಲಿಕ್ಕಿಲ್ಲ. ಮಾಲೀಕರು ಬಿಲ್ಲಿಗೆ ಸಹಿ ಹಾಕುವ ಮೊದಲು ಆ ಪಟ್ಟಿ ಕೂತಿದೆಯೇ ಎಂದು ಖುದ್ದಾಗಿ ನೋಡಲಿ. ಅದನ್ನು ಬಿಗಿಯಲು ಹಿಡಿದ ಅರ್ಧ ಗಂಟೆಯ ಕೂಲಿಯನ್ನು ಚೌಕಾಸಿ ಮಾಡದೆ ಕೊಡಲಿ.