ನಿಂತಾಗಲೇ ಎಳೆಯುವ ಗೆರೆ

ಸ್ತನದ ಗಾತ್ರ ತಗ್ಗಿಸುವ ಆಪರೇಷನ್ನಿಗೆ ಗೆರೆ ಎಳೆಯುವುದು ಹೆಂಗಸು ನಿಂತಿರುವಾಗ, ಇಲ್ಲವೇ ನೆಟ್ಟಗೆ ಕೂತಿರುವಾಗ. ಅರಿವಳಿಕೆ ಕೊಟ್ಟು ಮಲಗಿಸಿದ ಮೇಲೆ ಎಳೆದರೆ ಲೆಕ್ಕ ತಪ್ಪುತ್ತದೆ. ಮಲಗಿದವಳ ಮೊಲೆ ಕಂಕುಳ ಕಡೆಗೆ ಸರಿದು ಹರಡಿಕೊಳ್ಳುತ್ತದೆ. ಅದು ಎತ್ತ ಜಗ್ಗುತ್ತಿತ್ತು, ಎಷ್ಟು ಜಗ್ಗುತ್ತಿತ್ತು ಎಂಬುದು ಮರೆಯಾಗುತ್ತದೆ. ಹಾಗಾಗಿ ಸರ್ಜನ್ ನೇರಳೆ ಪೆನ್ನು ಹಿಡಿದು ಮೊದಲು ಕೊರಳ ಬುಡದ ಗುಳಿಯಿಂದ ಎದೆಯ ನಡುವೆ ಒಂದು ಗೆರೆ ಇಳಿಸುತ್ತಾರೆ. ಅದೇ ಗುಳಿಯಿಂದ ತೊಟ್ಟಿನವರೆಗೆ ಟೇಪು ಹಿಡಿದು ಎಷ್ಟು ಸೆಂಟಿಮೀಟರ್ ಎಂದು ಬರೆದುಕೊಳ್ಳುತ್ತಾರೆ. ಮೊಲೆಯಡಿಯ ಮಡಿಕೆ ಎಷ್ಟು ಎತ್ತರದಲ್ಲಿದೆ ಎಂದು ಬೆರಳಿಟ್ಟು ನೋಡಿ, ಹೆಚ್ಚುಕಡಿಮೆ ಅದೇ ಎತ್ತರಕ್ಕೆ ಮುಂಭಾಗದಲ್ಲಿ ಒಂದು ಚುಕ್ಕೆ ಇಡುತ್ತಾರೆ. ತೊಟ್ಟು ಇನ್ನು ಮುಂದೆ ಇರಬೇಕಾದ ಜಾಗ ಅದು.

ಈ ವಿವರ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಮೈಯ ಭಾರ ಎಂಥದೆಂದು ತಿಳಿಯಬೇಕಾದರೆ ಹೊತ್ತವಳು ನಿಂತಿರಬೇಕು. ನಿಂತು ಅವಳು ದಿನವಿಡೀ ಏನು ಮಾಡುತ್ತಾಳೆ ಎಂಬುದನ್ನೂ ನೋಡಬೇಕು. ಆಪರೇಷನ್ ಫಲ ಕೊಟ್ಟಿತೋ ಇಲ್ಲವೋ ಎಂದು ಅಳೆಯಬೇಕಾದದ್ದೂ ಅಲ್ಲಿಯೇ, ಕನ್ನಡಿಯ ಮುಂದೆ ಅಲ್ಲ.

ನಮ್ಮ ಎಡಕುಮೇರಿ ಕಡೆ ನಿಲ್ಲುವುದೆಂದರೆ ಇಳಿಜಾರಿನಲ್ಲಿ ನಿಲ್ಲುವುದು. ಸಕಲೇಶಪುರದಿಂದ ದೋಣಿಗಲ್, ಕಡಗರವಳ್ಳಿ ದಾಟಿದ ಮೇಲೆ, ಸಿರಿಬಾಗಿಲಿಗೆ ಮೊದಲು ಸಿಗುವ ಸ್ಟೇಷನ್ ಅದು. ಸುಬ್ರಹ್ಮಣ್ಯ ರೋಡ್‌ವರೆಗಿನ ಈ ಘಾಟಿಯಲ್ಲಿ 57 ಸುರಂಗ, ನೂರಕ್ಕೂ ಮಿಕ್ಕಿ ಸೇತುವೆ. ಹಳಿಯೇ 50 ಅಡಿಗೆ ಒಂದಡಿ ಏರುತ್ತದೆಂದರೆ ಕಾಲುದಾರಿಯ ಮಾತು ಬೇರೆ ಹೇಳಬೇಕಿಲ್ಲ. ಮೇಲೆ ಸಕಲೇಶಪುರ, ಆಲೂರಿನ ತೋಟಗಳಲ್ಲೂ ಅಷ್ಟೆ: ಕಾಫಿ ಕುಯ್ಯುವವಳು ಸೊಂಟಕ್ಕೆ ಚೀಲ ಬಿಗಿದು, ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಊರಿ, ಗಿಡದ ರೆಂಬೆ ಬಗ್ಗಿಸಿಕೊಂಡು ಕೆಲಸ ಮಾಡುತ್ತಾಳೆ. ಸಂಜೆ ಮೂಟೆ ಹೊತ್ತು ಅಳತೆಗೆ ಬರುತ್ತಾಳೆ. ಹಿಂದಿನ ಹಾದಿಗಳಲ್ಲಿ ತಲೆಹೊರೆ ಇಳಿಸಲೆಂದೇ ಎದೆಮಟ್ಟದ ಕಲ್ಲು ನಿಲ್ಲಿಸಿರುತ್ತಿದ್ದರು, ಇನ್ನೊಬ್ಬರ ಕೈ ಇಲ್ಲದೆ ಹೊರೆ ಜಾರಿಸಿ ದಣಿವಾರಿಸಿಕೊಳ್ಳಲಿ ಎಂದು. ಎದೆಯ ಹೊರೆಗೆ ಅಂಥ ಕಲ್ಲಿಲ್ಲ. ರಾತ್ರಿ ಮಗ್ಗುಲಾದರೆ ಅದೂ ಮಗ್ಗುಲಾಗಿ ಜಗ್ಗುತ್ತದೆ.

ನನಗೆ ತಂಗಿಯಾಗಬೇಕಾದ ಒಬ್ಬಳು ಈ ಆಪರೇಷನ್ ಮಾಡಿಸಿಕೊಳ್ಳುವ ಯೋಚನೆಯಲ್ಲಿದ್ದಾಳೆ. ಒಂದು ದಿನ ಕುಪ್ಪಸದ ಹೆಗಲು ಸರಿಸಿ ತೋರಿಸಿದಳು. ಬ್ರಾ ಪಟ್ಟಿ ಕೂತ ಕಡೆ ಚರ್ಮ ಕಪ್ಪಾಗಿ, ಬೆರಳು ಇಟ್ಟರೆ ಬೆರಳು ಕೂರುವಷ್ಟು ಹಳ್ಳ ಬಿದ್ದಿತ್ತು. ಪಟ್ಟಿ ತೆಗೆದಿಟ್ಟ ದಿನವೂ ಆ ಹಳ್ಳ ಹಾಗೇ ಇರುತ್ತದಂತೆ. ಮಳೆಗಾಲ ಹಿಡಿದರೆ ಒಗೆದ ಬಟ್ಟೆ ವಾರಗಟ್ಟಲೆ ಒಣಗದ ಊರು ನಮ್ಮದು. ಮೊಲೆಯಡಿಯ ಮಡಿಕೆಯಲ್ಲಿ ತೇವ ನಿಂತು, ಕೆಂಪಾಗಿ, ತುರಿಸಿ, ಬಿರಿದು ನೀರು ಸೋರುತ್ತದೆ. ಮುಲಾಮು ಹಚ್ಚಿದರೆ ವಾಸಿ, ಬಿಟ್ಟರೆ ಮತ್ತೆ. ಕತ್ತು ನೋವು, ಬೆನ್ನು ನೋವು, ಒಮ್ಮೊಮ್ಮೆ ಬೆರಳ ತುದಿಯವರೆಗೆ ಜೋಮು. ಇಳಿಜಾರಿನಲ್ಲಿ ಬೇಗ ಇಳಿಯಬೇಕಾದಾಗ ಒಂದು ಕೈ ತಾನಾಗಿ ಎದೆಗೆ ಹೋಗುತ್ತದೆ.

ಅವಳ ಬೆನ್ನು ಸ್ವಲ್ಪ ಬಾಗಿದೆ. ಅದರ ಮೊದಲ ಬಾಗು ಭಾರದಿಂದ ಬಂದದ್ದಲ್ಲ. ಹೈಸ್ಕೂಲಿನಲ್ಲಿ ಯಾರೂ ನೋಡದಿರಲಿ ಎಂದು ಪುಸ್ತಕ ಎದೆಗವಚಿಕೊಂಡು, ಹೆಗಲು ಮುಂದಕ್ಕೆ ಮುದುಡಿಕೊಂಡು ನಡೆದದ್ದರಿಂದ ಬಂದದ್ದು. ಭಾರದ ಬಾಗು ಆಮೇಲೆ ಬಂದು ಅದರೊಳಗೆ ಸೇರಿಕೊಂಡಿತು. ಈಗ ಯಾವುದು ಲಜ್ಜೆಯದು, ಯಾವುದು ತೂಕದ್ದು ಎಂದು ಅವಳಿಗೂ ಬಿಡಿಸಿ ಹೇಳಲಾಗದು. ಆಪರೇಷನ್ ತೂಕದ ಪಾಲನ್ನು ತೆಗೆದೀತು. ಇನ್ನೊಂದು ಪಾಲಿಗೆ ಸಮಯ ಬೇಕು, ಹೆಗಲು ಹಿಂದಕ್ಕೊಯ್ದು ನಿಲ್ಲುವ ಅಭ್ಯಾಸ ಬೇಕು, ಜೊತೆಗೆ ಸುತ್ತಲಿನವರ ಕಣ್ಣೂ ಸ್ವಲ್ಪ ಬದಲಾಗಬೇಕು.

ಆ ಕಣ್ಣಿನ ವಿಚಾರ ಹಳೆಯದು. ಬೇಲೂರು ನಮ್ಮದೇ ಜಿಲ್ಲೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದ ಸೂರಿನಡಿ ನಿಂತ ಮದನಿಕೆಯರನ್ನು ನಾನು ಚಿಕ್ಕಂದಿನಿಂದ ತಲೆಯೆತ್ತಿ ನೋಡಿದ್ದೇನೆ, ಇಂದಿಗೂ ಅವರ ಚೆಲುವಿಗೆ ಮನಸೋಲುತ್ತೇನೆ. ತುಂಬಿದೆದೆ ಅಲ್ಲಿ ಸಮೃದ್ಧಿಯ ಗುರುತು, ಮಂಗಳದ ಗುರುತು. ನಮ್ಮ ಕಾವ್ಯಗಳೂ ಎದೆಯ ಭಾರಕ್ಕೆ ತುಸು ಬಾಗಿದ ಹೆಣ್ಣನ್ನು ಬಾಯ್ತುಂಬ ಹೊಗಳಿವೆ. ಹೊಗಳಿದ ಕವಿ ಆ ಬಾಗನ್ನು ಕಂಡದ್ದು ನಿಜ, ಅದಕ್ಕೆ ಕಾರಣ ಭಾರ ಎಂದು ಬಲ್ಲದ್ದೂ ನಿಜ. ಬೆನ್ನು ನೋಯುತ್ತದೆಯೇ ಎಂದು ಮಾತ್ರ ಕೇಳಲಿಲ್ಲ. ಚೆಲುವು ಎಂದು ಹೆಸರಿಟ್ಟ ಮೇಲೆ ನೋವಿನ ಮಾತು ಎತ್ತುವುದು ಅವಳಿಗೂ ಕಷ್ಟವಾಯಿತು. ನನ್ನ ತಂಗಿ ಬೆನ್ನುನೋವಿಗೆ ಡಾಕ್ಟರ ಬಳಿ ಹೋದಾಗಲೆಲ್ಲ ಸೊಂಟದ ಮಾತಾಡಿ, ಮೂಟೆಯ ಮಾತಾಡಿ, ಎದೆಯ ಮಾತು ಬಿಟ್ಟು ಬರುತ್ತಿದ್ದಳು.

ಅವಳ ಅತ್ತೆ ಕೇಳಿದ್ದು ಒಂದೇ ಮಾತು: “ದೇವ್ರು ಕೊಟ್ಟಿದ್ದನ್ನ ಯಾಕವ್ವ ಕುಯ್ಸ್ಕೊತೀಯ?” ಈ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಅದರಲ್ಲಿ ಸೊಸೆಯ ಜೀವದ ಭಯವಿದೆ, ಹುಟ್ಟಲಿರುವ ಮಕ್ಕಳ ಹಾಲಿನ ಚಿಂತೆಯಿದೆ. ಆದರೆ ಕೊಟ್ಟವನು ಬೆನ್ನನ್ನೂ ಕೊಟ್ಟಿದ್ದಾನೆ, ಕತ್ತನ್ನೂ ಕೊಟ್ಟಿದ್ದಾನೆ. ಒಂದನ್ನು ಕಾಯಲು ಇನ್ನೊಂದನ್ನು ಸವೆಸುತ್ತಲೇ ಇರಬೇಕೆಂಬ ಆಜ್ಞೆಯೇನೂ ಇಲ್ಲ. ಮೊಲೆ ಅತಿಯಾಗಿ ಬೆಳೆಯುವುದಕ್ಕೆ ವಂಶಗುಣ, ಹಾರ್ಮೋನುಗಳಿಗೆ ಆ ಅಂಗಾಂಶ ಸ್ಪಂದಿಸುವ ರೀತಿ, ಮೈತೂಕ ಇವೆಲ್ಲ ಕಾರಣ. ತಿಂದದ್ದು ಹೆಚ್ಚಾಯಿತೆಂದು ಅವಳನ್ನು ದೂರುವುದು ಅನ್ಯಾಯ. ಗಾತ್ರ ದೊಡ್ಡದಾದರೆ ಹಾಲು ಹೆಚ್ಚು ಎಂಬ ನಂಬಿಕೆಯೂ ಸರಿಯಲ್ಲ. ಗಾತ್ರವನ್ನು ಬಹುಮಟ್ಟಿಗೆ ನಿರ್ಧರಿಸುವುದು ಕೊಬ್ಬು, ಹಾಲು ಬರುವುದು ಗ್ರಂಥಿಯಿಂದ.

ಹಾಲಿನ ಚಿಂತೆಯನ್ನು ಮಾತ್ರ ಡಾಕ್ಟರ ಮುಂದೆ ಇಟ್ಟೇ ತೀರಬೇಕು. ಆಪರೇಷನ್ನಿನಲ್ಲಿ ತೊಟ್ಟನ್ನು ಸಾಮಾನ್ಯವಾಗಿ ಕಿತ್ತು ಹಚ್ಚುವುದಿಲ್ಲ. ರಕ್ತನಾಳ, ನರ ಇರುವ ಒಂದು ಪಟ್ಟಿ ಅಂಗಾಂಶದ ಮೇಲೆ ಅದನ್ನು ಉಳಿಸಿಕೊಂಡು, ಸುತ್ತಲಿನ ಹೆಚ್ಚಿನ ಗ್ರಂಥಿ, ಕೊಬ್ಬು, ಚರ್ಮ ತೆಗೆದು, ಮೇಲಕ್ಕೆ ಸಾಗಿಸಿ ಹೊಲಿಯುತ್ತಾರೆ. ಅನೇಕರು ಆಮೇಲೂ ಹಾಲೂಡಿಸುತ್ತಾರೆ, ಕೆಲವರಿಗೆ ಸಾಲದೆ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ. ಸ್ಪರ್ಶಜ್ಞಾನವೂ ಹಾಗೆಯೇ: ಮಂದವಾಗಬಹುದು, ತಿಂಗಳುಗಳ ಮೇಲೆ ಮರಳಬಹುದು, ಮರಳದೆಯೂ ಇರಬಹುದು. ತೀರ ದೊಡ್ಡ ಎದೆಯಲ್ಲಿ ತೊಟ್ಟನ್ನು ಬಿಡಿಸಿ ಕಸಿ ಮಾಡಬೇಕಾಗಿ ಬಂದರೆ ಹಾಲಿನ ಆಸೆ ಬಿಡಬೇಕು. ಇನ್ನೂ ಮಕ್ಕಳು ಬೇಕೆನ್ನುವವರು ಹೆರಿಗೆ, ಹಾಲೂಡಿಸುವುದು ಮುಗಿಯುವವರೆಗೆ ಕಾಯುವುದು ಒಳ್ಳೆಯದೆಂದು ಸರ್ಜನ್‌ಗಳು ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಬಸಿರು, ಬಾಣಂತನ ಕಳೆದ ಮೇಲೆ ಮೊಲೆಯ ಆಕಾರ ಮತ್ತೆ ಬದಲಾಗುತ್ತದೆ.

ಹೆಚ್ಚಾಗಿ ಬಳಸುವ ಕತ್ತರಿಕೆಯನ್ನು ಅಮೆರಿಕದ ಸರ್ಜನ್ ರಾಬರ್ಟ್ ವೈಸ್ 1956ರಲ್ಲಿ ಬ್ರಾ ಹೊಲಿಯುವ ನಮೂನೆಯನ್ನೇ ನೋಡಿ ರೂಪಿಸಿದರು. ಅದರ ಕಲೆ ತೊಟ್ಟಿನ ಸುತ್ತ ಒಂದು ವೃತ್ತ, ಅಲ್ಲಿಂದ ಕೆಳಕ್ಕೆ ಒಂದು ಗೆರೆ, ಮಡಿಕೆಯ ಉದ್ದಕ್ಕೂ ಇನ್ನೊಂದು. ಕೆಳಗಿನ ಎರಡು ಗೆರೆ ಕೂಡುವ ಮೂಲೆಯಲ್ಲಿ ಹೊಲಿಗೆ ಬಿಟ್ಟುಕೊಂಡು ಗಾಯ ತಡವಾಗಿ ಮಾಗುವುದು ಸಾಮಾನ್ಯ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಕಲೆ ದಪ್ಪವಾಗಿ ಉಬ್ಬುವ ಸಂಭವ ಹೆಚ್ಚು. ಮೊದಲು ಕೆಂಪಾಗಿ ಎದ್ದು ಕಾಣುವ ಕಲೆ ಮಸುಕಾಗಲು ವರ್ಷ, ಒಂದೂವರೆ ವರ್ಷ ಹಿಡಿಯುತ್ತದೆ, ಪೂರ್ತಿ ಮಾಯವಾಗುವುದಿಲ್ಲ. ಊತ ಇಳಿದು ನಿಜವಾದ ಆಕಾರ ಕಾಣಲು ಮೂರರಿಂದ ಆರು ತಿಂಗಳು ಬೇಕು. ಎರಡೂ ಕಡೆ ಅಚ್ಚು ಹಾಕಿದಂತೆ ಒಂದೇ ಸಮ ಬರುತ್ತದೆಂದಾಗಲಿ, ಇಂಥದೇ ಸೈಜಿನ ಬ್ರಾ ಆಗುತ್ತದೆಂದಾಗಲಿ ಯಾರೂ ಮಾತು ಕೊಡಲಾರರು. ತೊಟ್ಟಿಗೆ ರಕ್ತ ಸಾಕಷ್ಟು ಹರಿಯಬೇಕಾದ್ದರಿಂದ ಎಷ್ಟು ತೆಗೆಯಬಹುದು ಎಂಬುದಕ್ಕೆ ಮೈಯೇ ಒಂದು ಎಲ್ಲೆ ಹಾಕುತ್ತದೆ.

ಇಷ್ಟೆಲ್ಲ ಕೇಳಿದ ಮೇಲೂ ಈ ಆಪರೇಷನ್ ಬೇಕೇ ಎಂದರೆ, ಇಷ್ಟು ನರಳುವವರಿಗೆ ಬೇಕು ಎಂದೇ ನಾನು ಹೇಳುತ್ತೇನೆ. 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ತೂಕ ಇಳಿಸುವುದು, ವ್ಯಾಯಾಮ, ವಿಶೇಷ ಬ್ರಾ ಮುಂತಾದ ಉಪಾಯಗಳನ್ನೂ ಶಸ್ತ್ರಚಿಕಿತ್ಸೆಯನ್ನೂ ಪಕ್ಕಪಕ್ಕ ಇಟ್ಟು ನೋಡಿತು. ಮೊದಲಿನವುಗಳಿಂದ ಬಾಳುವ ಪರಿಹಾರ ಸಿಗಲಿಲ್ಲ, ಶಸ್ತ್ರಚಿಕಿತ್ಸೆಯಿಂದ ನೋವು ನಿಜಕ್ಕೂ ಇಳಿಯಿತು. ಆದರೂ ಇದನ್ನು ಸೌಂದರ್ಯದ ಶೋಕಿ ಎಂದು ಬದಿಗಿಡುವ ಮನೋಭಾವ ನಮ್ಮ ಕಾಗದಪತ್ರಗಳಲ್ಲೂ ಇದೆ. ಆರೋಗ್ಯ ವಿಮೆಯಿಂದ ಹೊರಗಿಡಬಹುದಾದ ಖರ್ಚುಗಳ ಪಟ್ಟಿಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಸೌಂದರ್ಯ ಹಾಗೂ ಪ್ಲಾಸ್ಟಿಕ್ ಸರ್ಜರಿಯನ್ನು ಸೇರಿಸಿದೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುಜೋಡಣೆಗೆ ವಿನಾಯಿತಿ. ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯ ನೀಗಲು ಅಗತ್ಯವೆಂದು ಡಾಕ್ಟರು ಬರೆದುಕೊಟ್ಟರೂ ವಿನಾಯಿತಿ. ಹೆಗಲ ಹಳ್ಳವನ್ನು ತಕ್ಷಣದ ಅಪಾಯ ಎಂದು ಒಪ್ಪಿಸುವುದು ಸುಲಭವಲ್ಲ. ಅದಕ್ಕೇ ತಂಗಿಗೆ ಹೇಳಿದ್ದೇನೆ: ಮಡಿಕೆಯ ಹುಣ್ಣಿಗೆ ತೋರಿಸಿದ ಚೀಟಿ, ಕತ್ತಿನ ಎಕ್ಸ್‌ರೇ, ಫಿಸಿಯೋಥೆರಪಿಯ ಲೆಕ್ಕ ಯಾವುದನ್ನೂ ಬಿಸಾಡಬೇಡ, ಇನ್ನು ಮುಂದೆ ಹೋದಾಗ ಎದೆಯ ಮಾತನ್ನು ಬಿಡದೆ ಹೇಳಿ ಬರೆಸಿಕೊಂಡು ಬಾ.

ತಯಾರಿಯಲ್ಲಿ ಅವಳಿಗೆ ಎಲ್ಲಕ್ಕಿಂತ ಕಷ್ಟವಾಗಿರುವುದು ಎಲೆಅಡಿಕೆಯ ಜೊತೆ ಹಾಕುವ ಹೊಗೆಸೊಪ್ಪು. ನಿಕೋಟಿನ್ ಬೀಡಿಯಿಂದ ಬರಲಿ ಸೊಪ್ಪಿನಿಂದ ಬರಲಿ, ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ಜಾಗ ಬದಲಿಸಿದ ತೊಟ್ಟು ಬದುಕುವುದೇ ಆ ನಾಳಗಳ ದಯೆಯಿಂದ. ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು, ಗಾಯ ಮಾಗುವವರೆಗೂ ಮುಟ್ಟಬಾರದು. ಸಕ್ಕರೆ ಕಾಯಿಲೆ ಇದ್ದವರು ಅದನ್ನು ಹತೋಟಿಗೆ ತಂದುಕೊಳ್ಳಬೇಕು, ನಲವತ್ತು ದಾಟಿದವರಿಗೆ ಮೊದಲು ಮ್ಯಾಮೊಗ್ರಾಮ್ ಮಾಡಿಸುತ್ತಾರೆ. ತೆಗೆದದ್ದನ್ನು ತೂಗಿ, ಹೆಸರು ಬರೆದು ಲ್ಯಾಬಿಗೆ ಕಳಿಸುತ್ತಾರೆ. ಒಂದೊಂದು ಕಡೆಯಿಂದ ಅರ್ಧ ಕಿಲೋ ಬಂದೀತು, ಕೆಲವರಲ್ಲಿ ಇನ್ನೂ ಹೆಚ್ಚು. ಹದಿಮೂರು ಹದಿನಾಲ್ಕರ ವಯಸ್ಸಿನಿಂದ ತನ್ನದಾಗಿದ್ದದ್ದು ಡಬ್ಬಿಯೊಳಗೆ ಹೋಗುವಾಗ ಕೆಲವರಿಗೆ ಅಳು ಬರುತ್ತದೆ. ನೋವು ಕೊಟ್ಟದ್ದನ್ನು ಬಿಟ್ಟುಕೊಡುವಾಗಲೂ ಅಗಲಿಕೆ ಅಗಲಿಕೆಯೇ. ಆ ಅಳುವಿಗೆ ಪಕ್ಕದಲ್ಲಿ ಒಬ್ಬರಿರಬೇಕು.

ತಾರೀಖಿನ ಬಗ್ಗೆ ನಾವಿಬ್ಬರೂ ಕೂತು ಮಾತಾಡಿದ್ದೇವೆ. ಅರೇಬಿಕಾ ಕಾಫಿಯ ಕುಯ್ಲು ಮುಗಿದು ರೊಬಸ್ಟಾದ್ದೂ ಮುಗಿಯುವ ಹೊತ್ತಿಗೆ ಮಾರ್ಚ್. ಹೂಮಳೆ ಬಿದ್ದ ಮೇಲೆ ತೋಟದಲ್ಲಿ ಅಷ್ಟು ಅವಸರವಿರುವುದಿಲ್ಲ. ಆಗ ಮಾಡಿಸಿಕೊಂಡರೆ ಜೂನಿನ ಮಳೆ ಹಿಡಿಯುವಷ್ಟರಲ್ಲಿ ಹೊಲಿಗೆ ಒಣಗಿರುತ್ತದೆ. ಮಳೆಗಾಲಕ್ಕೆ ಇಟ್ಟುಕೊಂಡರೆ ತೇವದ ಕಾಟ ಒಂದು, ಡ್ರೆಸ್ಸಿಂಗಿಗೆ ಹೋಗುವ ದಾರಿ ಇನ್ನೊಂದು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ, ಕಡಗರವಳ್ಳಿ ನಡುವೆ ಗುಡ್ಡ ಕುಸಿದು ಮಂಗಳೂರಿನ ರೈಲೇ ದಿನಗಟ್ಟಲೆ ನಿಂತಿತ್ತು. ಇನ್ನುಳಿದಿರುವುದು ಆಮೇಲಿನ ನಾಲ್ಕರಿಂದ ಆರು ವಾರದ ಲೆಕ್ಕ. ಅಷ್ಟು ದಿನ ಅವಳು ಕೊಡ ಎತ್ತುವಂತಿಲ್ಲ, ಸೌದೆ ಹೊರುವಂತಿಲ್ಲ, ಮಗುವನ್ನು ಕಂಕುಳಿಗೆ ಹಾಕಿಕೊಳ್ಳುವಂತಿಲ್ಲ. ನೀರು ಯಾರು ತರುತ್ತಾರೆ, ಸೌದೆ ಯಾರು, ಮಗು ಯಾರ ಹತ್ತಿರ ಎಂದು ಗಂಡನನ್ನೂ ಅತ್ತೆಯನ್ನೂ ಕೂರಿಸಿಕೊಂಡು ಬರೆದಿಡಲು ಹೇಳಿದ್ದೇನೆ. ಅದಾದ ಮೇಲೆ ಸರ್ಜನ್ ಹತ್ತಿರ ತಾರೀಖು ಕೇಳುವುದು.