ಮುದಗಲ್ಲಿನ ಗೋದಲಿ

ಮೊಹರಂಗೆ ಮುದಗಲ್ಲಿಗೆ ಹೊರಟರೆ ಸಿಂಧನೂರಿನ ನಮ್ಮ ಓಣಿಯಲ್ಲಿ ಯಾರೂ ಯಾಕೆ ಅನ್ನುವುದಿಲ್ಲ. ಕ್ರಿಸ್‌ಮಸ್‌ಗೆ ಹೊರಟರೆ ಮಾತ್ರ ಅವ್ವ, "ಅಲ್ಲೇನೈತಿ ನಿಂದು?" ಅಂತಾಳೆ. ಲಿಂಗಸುಗೂರು ತಾಲ್ಲೂಕಿನ ಈ ಕೋಟೆಯೂರಿನ ಚರ್ಚು ಆದಿಲ್‌ಶಾಹಿ ಕಾಲದ್ದು.

ಆ ಚರ್ಚಿನಲ್ಲಿ ಕ್ರಿಸ್ತ ಹುಟ್ಟಿದ ಕೊಟ್ಟಿಗೆಯಂತೆ ಕಟ್ಟಿದ ಗೋದಲಿಗೆ ಹಾಸಿದ್ದು ನಮ್ಮ ಕಡೆಯ ಭತ್ತದ ಹುಲ್ಲು. ಅದರ ಮೇಲೆ ಕಿವಿ ಮುಕ್ಕಾದ ಮಣ್ಣಿನ ಕುರಿ. ಕೂಸು ಹುಟ್ಟಿದ ಸುದ್ದಿ ಮೊದಲು ಮುಟ್ಟಿದ್ದು ಕುರಿ ಕಾಯುವವರಿಗೆ, ಅರಮನೆಗಲ್ಲ. ಇತ್ತ ಮಸ್ಕಿಯ ಬಂಡೆಯಲ್ಲಿ ಅಶೋಕನೂ ಕೊರೆಸಿದ್ದಾನೆ: ಧರ್ಮದಲ್ಲಿ ನಡೆದರೆ ಸಣ್ಣವನಿಗೂ ಫಲ ಸಿಗುತ್ತದೆ, ದೊಡ್ಡವರಿಗಷ್ಟೇ ಅಲ್ಲ.

ಪರಮಪ್ರಸಾದದ ಸಾಲಿಗೆ ನಾನು ಹೋಗುವುದಿಲ್ಲ; ಅದು ದೀಕ್ಷಾಸ್ನಾನ ಪಡೆದವರ ಹಕ್ಕು. ಆದರೆ ಪೂರ್ತಿ ನಂಬದೆ ಕೈ ಮುಗಿಯಬಾರದೆಂಬ ವಾದ ನನಗೆ ಒಪ್ಪಿಗೆಯಿಲ್ಲ. ಮೊಹರಂನಲ್ಲಿ ಅಲೈ ದೇವರ ಮುಂದೆ ಸಕ್ಕರೆ ಓದಿಸುವ ನಮ್ಮವರೇನು ಕಲ್ಮಾ ಹೇಳಿ ಇಸ್ಲಾಮಿಗೆ ಬಂದವರೇ?